ಬೋರ್ಡ್ ಆಯ್ಕೆ ತಪ್ಪದಂತೆ ಬಿಲ್ಡ್ ಪಟ್ಟಿಯನ್ನು ಕಟ್ಟುವುದು: ಪ್ಲಾಟ್‌ಫಾರ್ಮ್‌ಐಒ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ನನ್ನ ಬಳಿ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಕಾರ್ಯಕ್ರಮ) ಕೆಲಸಕ್ಕೆ ಬಂದು ಕೂರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವಸಂತನರಸಾಪುರದ ಸಣ್ಣ ಘಟಕಗಳ ತಂತ್ರಜ್ಞರು, ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳು ಸಾಕಣೆ ಮನೆಗಳಿಗೆ ತೇವಾಂಶ ಮಾಪಕ ಮಾಡಿಕೊಡುವವರು, ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಕೋಡ್ ಸರಿಯಿರುತ್ತದೆ, ವೈರಿಂಗ್ ಸರಿಯಿರುತ್ತದೆ, ಆದರೆ ಬಿಲ್ಡ್ ಮಾಡುವಾಗ, ಅಂದರೆ ಕೋಡನ್ನು ಚಿಪ್ಪಿಗೆ ಹಾಕುವ ರೂಪಕ್ಕೆ ತರುವಾಗ, ಆರಿಸಿದ ಬೋರ್ಡ್ ಮೇಜಿನ ಮೇಲಿರುವ ಬೋರ್ಡ್ ಆಗಿರುವುದಿಲ್ಲ. ಸರಿಯಾದ ಬೋರ್ಡ್ ಆರಿಸಿ ಎಂದು ಎಷ್ಟು ಸಲ ಹೇಳಿದರೂ ಇದು ನಿಲ್ಲಲಿಲ್ಲ. ಕೈಯಲ್ಲಿರುವ ಬೋರ್ಡಿನ ಮೇಲೆ ಓದಲು ಸಿಗುವ ಅಕ್ಷರಗಳಿಗೂ ಪಟ್ಟಿಯಲ್ಲಿ ಕಾಣುವ ಹೆಸರಿಗೂ ತಾಳೆಯೇ ಆಗದಿದ್ದಾಗ ಯಾರಾದರೂ ಊಹೆ ಮಾಡಿಯೇ ಮಾಡುತ್ತಾರೆ. ಆದ್ದರಿಂದ ತಿದ್ದಬೇಕಾದದ್ದು ಬಳಸುವವರನ್ನಲ್ಲ, ಪಟ್ಟಿಯನ್ನು.

ಈ ಬರಹದಲ್ಲಿ ನಿಮ್ಮ ಯೋಜನೆಯೊಳಗೆ ನಿಮ್ಮ ಬಳಿ ಇರುವ ಬೋರ್ಡುಗಳು ಮಾತ್ರ ಕಾಣುವ, ತಪ್ಪು ಆಯ್ಕೆಯಾದರೆ ಬಿಲ್ಡ್ ಅಲ್ಲೇ ನಿಲ್ಲುವ ಒಂದು ಪಟ್ಟಿಯನ್ನು ಕಟ್ಟುವ ಕ್ರಮವಿದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೊದಲೆರಡು ಹಂತಗಳನ್ನು ಹಾರಿಸಿ ನೇರವಾಗಿ ಕಡತ ತೆರೆದವರೇ ಹೆಚ್ಚಾಗಿ ಮರಳಿ ಬರುತ್ತಾರೆ. ಕಡತ, ಕೀಲಿಪದ ಮತ್ತು ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಗಣಕದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಚುಕ್ಕೆ ಮತ್ತು ಅಡಿಗೆರೆಗಳು ಇಲ್ಲಿ ಇರುವಂತೆಯೇ ಇರಲಿ.

## ಬೇಕಾಗುವ ಸಲಕರಣೆ

ವಿಎಸ್ ಕೋಡ್ ಎಂಬ ಕೋಡ್ ಬರೆಯುವ ತಂತ್ರಾಂಶ ಮತ್ತು ಅದರೊಳಗೆ ಬಿಲ್ಡ್, ಅಪ್‌ಲೋಡ್ ಮಾಡಿಕೊಡುವ ಪ್ಲಾಟ್‌ಫಾರ್ಮ್‌ಐಒ; ಡೇಟಾ ಸಾಗಿಸುತ್ತದೆ ಎಂದು ಖಚಿತವಾಗಿರುವ ಒಂದು ಯುಎಸ್‌ಬಿ ಕೇಬಲ್; ಮಲ್ಟಿಮೀಟರ್; ಸಣ್ಣ ಅಕ್ಷರ ಓದಲು ಫೋನಿನ ಕ್ಯಾಮೆರಾ; ಸ್ಟಿಕ್ಕರ್ ಮತ್ತು ಅಳಿಸಿಹೋಗದ ಮಾರ್ಕರ್ ಪೆನ್ನು. ನೀವು ಬಳಸುವ ಪ್ರತಿಯೊಂದು ಬಗೆಯ ಬೋರ್ಡಿನಲ್ಲಿ, ಖರೀದಿಸಿದ ಪ್ರತಿಯೊಂದು ಲಾಟಿನಿಂದ ಒಂದೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಅಂಗಡಿಯಿಂದ ಎರಡು ಸಲ ತಂದ ಒಂದೇ ಹೆಸರಿನ ಬೋರ್ಡುಗಳು ಒಳಗೆ ಬೇರೆಬೇರೆಯಾಗಿರುವುದು ಹೊಸತೇನಲ್ಲ.

## ಹಂತ 1: ಬೋರ್ಡಿನ ಮೈಮೇಲೆ ಇರುವುದನ್ನು ಓದಿ ಬರೆದುಕೊಳ್ಳಿ

ಪ್ರತಿ ಬೋರ್ಡಿಗೂ ಒಂದು ಸಾಲು ಇರುವ ಕೋಷ್ಟಕ ಮಾಡಿ. ಮುಖ್ಯ ಚಿಪ್ಪಿನ ಹೆಸರು, ಮಾಡ್ಯೂಲಿನ ತಗಡಿನ ಮುಚ್ಚಳದ ಮೇಲಿನ ಬರಹ, ಯುಎಸ್‌ಬಿ ಚಿಪ್ಪಿನ ಹೆಸರು, ವಿಸಿಸಿ (ವಿದ್ಯುತ್ ಪೂರೈಕೆಯ) ಪಿನ್ನಿನಲ್ಲಿ ಮಲ್ಟಿಮೀಟರ್ ತೋರಿಸುವ ವೋಲ್ಟೇಜ್, ತಂದ ತಿಂಗಳು, ಇಷ್ಟು ಸಾಕು. ಬರಿಗಣ್ಣಿಗೆ ಕಾಣದ ಅಕ್ಷರಗಳನ್ನು ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ಓದಿ. ಟಾರ್ಚಿನ ಬೆಳಕನ್ನು ಓರೆಯಾಗಿ ಬೀಳಿಸಿದರೆ ಲೇಸರಿನಲ್ಲಿ ಕೆತ್ತಿದ ಬರಹ ಎದ್ದು ಕಾಣುತ್ತದೆ.

ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ32-ಎಸ್3 ಚಿಪ್ಪಿನ ಮಾಡ್ಯೂಲುಗಳಲ್ಲಿ ಮುಚ್ಚಳದ ಮೇಲೆ ಎನ್16ಆರ್8 ಎಂಬಂಥ ಬರಹವಿರುತ್ತದೆ. ಎನ್ ನಂತರದ ಅಂಕಿ ಫ್ಲ್ಯಾಶ್ (ಕಾರ್ಯಕ್ರಮ ಉಳಿಯುವ ನೆನಪು) ಎಷ್ಟು ಮೆಗಾಬೈಟ್ ಎಂಬುದು. ಆರ್ ನಂತರದ್ದು ಕಾರ್ಯಕ್ರಮ ಓಡುವಾಗ ಬಳಸುವ ಹೆಚ್ಚುವರಿ ನೆನಪು, ಅಂದರೆ ಪಿಎಸ್‌ರ‍್ಯಾಮ್ ಎಷ್ಟು ಎಂಬುದು. ಆರ್ ಎಂಬ ಭಾಗವೇ ಇಲ್ಲದಿದ್ದರೆ ಪಿಎಸ್‌ರ‍್ಯಾಮ್ ಇಲ್ಲ. ಆರ್8 ಎಂದಿದ್ದರೆ ಅದು ಎಂಟು ತಂತಿಗಳ ಆಕ್ಟಲ್ ಬಗೆಯದು, ಅದಕ್ಕೆ ಆಯ್ಕೆಯೂ ಬೇರೆ, ಪಿನ್ನುಗಳೂ ಬೇರೆ.

ಪ್ರೋ ಮಿನಿ ಎಂಬ ಪುಟ್ಟ ಆರ್ಡುಯಿನೋ ಬೋರ್ಡ್ ಬಳಸುವವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಅದು 5 ವೋಲ್ಟ್–16 ಮೆಗಾಹರ್ಟ್ಸ್ ಮತ್ತು 3.3 ವೋಲ್ಟ್–8 ಮೆಗಾಹರ್ಟ್ಸ್ ಎಂಬ ಎರಡು ರೂಪಗಳಲ್ಲಿ ಬರುತ್ತದೆ, ನೋಡಲು ಎರಡೂ ಅವಳಿಗಳು. ಎರಡಕ್ಕೂ ಅಪ್‌ಲೋಡ್ ವೇಗ ಒಂದೇ, 57600. ಹೀಗಾಗಿ ತಪ್ಪು ಆರಿಸಿದರೂ ಅಪ್‌ಲೋಡ್ ಯಾವ ದೋಷವನ್ನೂ ತೋರಿಸದೆ ಮುಗಿಯುತ್ತದೆ. ಕೋಲಾರದ ಹತ್ತಿರದ ಒಂದು ಟೊಮೆಟೊ ತೋಟದ ಕೊಳವೆಬಾವಿಗೆ ನಾನು ಡ್ರೈ ರನ್ ತಡೆಯುವ ನಿಯಂತ್ರಕ ಹಾಕಿದ್ದೆ. ನೀರು ನಿಂತ ಹತ್ತು ಸೆಕೆಂಡಿಗೆ ಮೋಟರ್ ನಿಲ್ಲಬೇಕಿತ್ತು. ಎರಡು ದಿನ ಬಿಟ್ಟು ಮಾಲೀಕರ ಫೋನ್ ಬಂತು: “ಹತ್ತು ಸೆಕೆಂಡು ಅಂದಿದ್ರಲ್ಲ ಸಾರ್, ನನ್ ವಾಚ್ನಾಗೆ ಇಪ್ಪತ್ತಾಯ್ತದೆ.” ಅವರ ವಾಚು ಸರಿಯಾಗಿತ್ತು. 8 ಮೆಗಾಹರ್ಟ್ಸ್ ಬೋರ್ಡಿಗೆ ನಾನು 16 ಮೆಗಾಹರ್ಟ್ಸಿನ ಆಯ್ಕೆಯಲ್ಲಿ ಬಿಲ್ಡ್ ಮಾಡಿದ್ದೆ. ವಿಸಿಸಿಯಲ್ಲಿ 3.3 ವೋಲ್ಟ್ ಕಂಡರೆ ಸಾಮಾನ್ಯವಾಗಿ 8 ಮೆಗಾಹರ್ಟ್ಸ್ ಎಂದುಕೊಳ್ಳಬಹುದು, ಆದರೆ ನಕಲಿ ಬೋರ್ಡುಗಳಲ್ಲಿ ಅಷ್ಟನ್ನೇ ನಂಬಬೇಡಿ. ಸೆಕೆಂಡಿಗೊಮ್ಮೆ ಎಲ್‌ಇಡಿಯ ಸ್ಥಿತಿ ಬದಲಾಯಿಸುವ ಪುಟ್ಟ ಕಾರ್ಯಕ್ರಮವನ್ನು 16 ಮೆಗಾಹರ್ಟ್ಸಿನ ಆಯ್ಕೆಯಲ್ಲಿ ಬಿಲ್ಡ್ ಮಾಡಿ ಹಾಕಿ, ಅರವತ್ತು ಬದಲಾವಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ. ಎರಡು ನಿಮಿಷ ಹಿಡಿದರೆ ಬೋರ್ಡ್ 8 ಮೆಗಾಹರ್ಟ್ಸಿನದು.

## ಹಂತ 2: ಓದಲಾಗದ್ದನ್ನು ಬೋರ್ಡಿನಿಂದಲೇ ಕೇಳಿ

ಬೋರ್ಡನ್ನು ಜೋಡಿಸಿ ಟರ್ಮಿನಲ್ಲಿನಲ್ಲಿ ಪಿಐಒ ಡಿವೈಸ್ ಲಿಸ್ಟ್ ಎಂಬ ಆದೇಶ ಕೊಡಿ. ಪೋರ್ಟಿನ ಹೆಸರಿನ ಜೊತೆ ತಯಾರಕ ಮತ್ತು ಉತ್ಪನ್ನದ ಸಂಖ್ಯೆಗಳು ಕಾಣುತ್ತವೆ. 1ಎ86:7523 ಎಂದಿದ್ದರೆ ಸಿಎಚ್340, 10ಸಿ4:ಇಎ60 ಎಂದಿದ್ದರೆ ಸಿಪಿ210ಎಕ್ಸ್ ಕುಟುಂಬ, 0403:6001 ಎಂದಿದ್ದರೆ ಎಫ್‌ಟಿ232. ಮೊದಲ ಭಾಗ 303ಎ ಆಗಿದ್ದರೆ ಎಸ್‌ಪ್ರೆಸಿಫ್ ಚಿಪ್ಪಿನದೇ ಯುಎಸ್‌ಬಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಈ ಸಂಖ್ಯೆ ನೋಡಿ ಬೋರ್ಡ್ ಗೊತ್ತಾಯಿತು ಎಂದುಕೊಳ್ಳುವುದು. ಸಿಎಚ್340 ಎಂಬುದು ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಚಿಪ್ ಅಷ್ಟೇ. ಅದರ ಹಿಂದೆ ನ್ಯಾನೋ ಇರಬಹುದು, ಇಎಸ್‌ಪಿ8266 ಇರಬಹುದು, ಇಎಸ್‌ಪಿ32 ಇರಬಹುದು. ಪೋಸ್ಟ್‌ಮ್ಯಾನ್ ಒಬ್ಬನೇ ಎಂದು ಪತ್ರಗಳೆಲ್ಲ ಒಂದೇ ಮನೆಯವಲ್ಲ. ಬೋರ್ಡ್ ತಾನಾಗಿಯೇ ಪತ್ತೆಯಾಗಲಿ ಎಂದು ಈ ಸಂಖ್ಯೆಗಳ ಮೇಲೆ ಸ್ಕ್ರಿಪ್ಟ್ ಬರೆಯಲು ಹೊರಡಬೇಡಿ. ಯಾವ ಪೋರ್ಟ್ ಎಂಬುದನ್ನು ಮಾತ್ರ ಈ ಆದೇಶದಿಂದ ತಿಳಿಯಿರಿ.

ಇಎಸ್‌ಪಿ ಬೋರ್ಡುಗಳ ವಿಷಯದಲ್ಲಿ ಚಿಪ್ಪೇ ಮಾತನಾಡುತ್ತದೆ. ಇಎಸ್‌ಪಿ ಚಿಪ್ಪುಗಳನ್ನು ಓದಿ ಬರೆಯುವ ಇಎಸ್‌ಪಿಟೂಲ್ ಎಂಬ ತಂತ್ರಾಂಶದ ಫ್ಲ್ಯಾಶ್_ಐಡಿ ಆದೇಶ ಕೊಟ್ಟರೆ ಚಿಪ್ಪಿನ ಬಗೆ, ಮ್ಯಾಕ್ ವಿಳಾಸ ಮತ್ತು ನಿಜವಾಗಿ ಪತ್ತೆಯಾದ ಫ್ಲ್ಯಾಶ್ ಗಾತ್ರ ಬರುತ್ತವೆ. ಎಸ್3 ಚಿಪ್ಪಿನೊಳಗೇ ಪಿಎಸ್‌ರ‍್ಯಾಮ್ ಇದ್ದರೆ ಇಎಸ್‌ಪಿಟೂಲಿನ ಹೊಸ ಆವೃತ್ತಿಗಳು ಅದನ್ನೂ ತೋರಿಸುತ್ತವೆ. ಮುಚ್ಚಳದ ಬರಹಕ್ಕೂ ಈ ಉತ್ತರಕ್ಕೂ ಭೇದ ಬಂದರೆ ಉತ್ತರವನ್ನೇ ಕೋಷ್ಟಕಕ್ಕೆ ಸೇರಿಸಿ, ಮುಚ್ಚಳದ ಬರಹವನ್ನು ಹೊಡೆದುಹಾಕಿ.

ನ್ಯಾನೋ, ಪ್ರೋ ಮಿನಿಗಳಲ್ಲಿರುವ ಎವಿಆರ್ ಚಿಪ್ಪುಗಳಲ್ಲಿ ಸಿಗ್ನೇಚರ್ ಎಂಬ ಮೂರು ಬೈಟುಗಳಿವೆ: ಎಟಿಮೆಗಾ328ಪಿಗೆ 1ಇ 95 0ಎಫ್, ಪಿ ಇಲ್ಲದ 328ಕ್ಕೆ 1ಇ 95 14, 328ಪಿಬಿಗೆ 1ಇ 95 16. ಇದನ್ನು ಐಎಸ್‌ಪಿ ಪ್ರೋಗ್ರಾಮರ್ (ಚಿಪ್ಪನ್ನು ನೇರವಾಗಿ ಓದುವ ಸಲಕರಣೆ) ಮೂಲಕ ಓದಿದರೆ ಮಾತ್ರ ಪೂರ್ತಿ ನಂಬಬಹುದು. ಆಪ್ಟಿಬೂಟ್‌ನಂಥ ಬೂಟ್‌ಲೋಡರ್ (ಗಣಕದಿಂದ ಬಂದ ಕೋಡನ್ನು ಫ್ಲ್ಯಾಶಿಗೆ ಬರೆಯುವ, ಚಿಪ್ಪಿನೊಳಗೇ ಇರುವ ಪುಟ್ಟ ಕಾರ್ಯಕ್ರಮ) ತಾನು ಯಾವ ಚಿಪ್ಪಿಗೆಂದು ಬಿಲ್ಡ್ ಆಗಿತ್ತೋ ಅದರ ಸಿಗ್ನೇಚರನ್ನೇ ಹೇಳುತ್ತದೆ, ಚಿಪ್ಪನ್ನು ಓದಿ ಹೇಳುವುದಿಲ್ಲ.

## ಹಂತ 3: ಹೆಸರಿಡುವುದು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಈ ಹಂತ. ಪ್ಲಾಟ್‌ಫಾರ್ಮ್‌ಐಒ ಕೊಡುವ ಹೆಸರುಗಳು ತಯಾರಕರ ದೃಷ್ಟಿಯವು. ನಿಮ್ಮ ಪಟ್ಟಿಯಲ್ಲಿ ಬೇಕಿರುವುದು ಕೈಯಲ್ಲಿ ಬೋರ್ಡ್ ಹಿಡಿದು ಕುಳಿತವರ ದೃಷ್ಟಿಯ ಹೆಸರುಗಳು.

ನ್ಯಾನೋ ಇದಕ್ಕೆ ಒಳ್ಳೆಯ ಉದಾಹರಣೆ. ಆರ್ಡುಯಿನೋ ಸಂಸ್ಥೆ 2018ರ ಜನವರಿಯಿಂದ ಹೊಸ ಬೂಟ್‌ಲೋಡರ್ ಇರುವ ನ್ಯಾನೋ ಮಾರಲು ತೊಡಗಿತು. ಹಳೆಯದರ ಅಪ್‌ಲೋಡ್ ವೇಗ 57600, ಹೊಸದರದು 115200. ಆರ್ಡುಯಿನೋ ಐಡಿಇಯಲ್ಲಿ ಯಾವ ವಿಶೇಷಣವೂ ಇಲ್ಲದ ಹೆಸರು ಹೊಸ ಬೂಟ್‌ಲೋಡರಿನದು. ಹಳೆಯದಕ್ಕೆ ಮಾತ್ರ ಹಳೆಯದು ಎಂಬ ಗುರುತಿದೆ. ಪ್ಲಾಟ್‌ಫಾರ್ಮ್‌ಐಒದಲ್ಲಿ ಇದು ತಲೆಕೆಳಗು: ನ್ಯಾನೋಎಟಿಮೆಗಾ328 ಎಂಬ ಬರಿಯ ಹೆಸರು ಹಳೆಯದಕ್ಕೆ, ಕೊನೆಯಲ್ಲಿ ನ್ಯೂ ಎಂದಿರುವುದು ಹೊಸದಕ್ಕೆ. ಒಂದು ಸಾಧನದಿಂದ ಇನ್ನೊಂದಕ್ಕೆ ಬಂದವರು ಅಭ್ಯಾಸಬಲದಿಂದ ಬರಿಯ ಹೆಸರನ್ನು ಆರಿಸಿ, ನಾಟ್ ಇನ್ ಸಿಂಕ್ ಎಂಬ ದೋಷ ಹತ್ತು ಸಲ ಬರುವುದನ್ನು ನೋಡುತ್ತ ಕೂರುತ್ತಾರೆ. ಅಂಗಡಿಯಲ್ಲಿ ಈಗಲೂ ಸಿಗುವ ಅಗ್ಗದ ನ್ಯಾನೋಗಳಲ್ಲಿ ಹಳೆಯ ಬೂಟ್‌ಲೋಡರ್ ಇರುವುದುಂಟು. ಹಾಗಾಗಿ ಹಳೆಯದು ಎಂದರೆ ಹಳೆಯ ಬೋರ್ಡ್ ಎಂದು ತಿಳಿಯುವುದೂ ತಪ್ಪೇ. ನಾನು ಈ ಎರಡಕ್ಕೂ ಬರಿಯ ಹೆಸರನ್ನೇ ಇಡುವುದಿಲ್ಲ. ನ್ಯಾನೋ-57600 ಮತ್ತು ನ್ಯಾನೋ-115200 ಎಂದು ಇಡುತ್ತೇನೆ.

ಹೆಸರಿನ ಕ್ರಮ ಹೀಗಿರಲಿ: ಮೊದಲು ಚಿಪ್, ಆಮೇಲೆ ಗೊಂದಲ ಬಿಡಿಸುವ ಒಂದು ಗುಣ, ಕೊನೆಗೆ ನಿಮ್ಮದೇ ಪಿಸಿಬಿ ಆಗಿದ್ದರೆ ಅದರ ಆವೃತ್ತಿ. ಎಸ್3-ಎನ್16ಆರ್8, ಎಸ್3-ಎನ್8, ಪ್ರೋಮಿನಿ-8ಮೆಗಾ, ಪ್ರೋಮಿನಿ-16ಮೆಗಾ ಎಂಬಂತೆ. ಪ್ಲಾಟ್‌ಫಾರ್ಮ್‌ಐಒ ಈ ಹೆಸರುಗಳಲ್ಲಿ ರೋಮನ್ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಅಡಿಗೆರೆಗಳನ್ನು ಮಾತ್ರ ಒಪ್ಪುತ್ತದೆ; ಕನ್ನಡದಲ್ಲಿ ಇಟ್ಟರೆ ಬಿಲ್ಡ್ ಶುರುವಾಗುವುದೇ ಇಲ್ಲ. ನನಗೂ ಕನ್ನಡದಲ್ಲೇ ಇಡುವ ಆಸೆಯಿತ್ತು. ಈಗ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ದೇನೆ: ಎಡಗಡೆ ಬೋರ್ಡಿನ ಚಿತ್ರ, ಬಲಗಡೆ ಪಟ್ಟಿಯ ಹೆಸರು.

ಹೆಸರು ನಿಶ್ಚಯವಾದೊಡನೆ ಅದೇ ಹೆಸರನ್ನು ಸ್ಟಿಕ್ಕರಿನಲ್ಲಿ ಬರೆದು ಬೋರ್ಡಿನ ಹಿಂಬದಿಗೆ ಅಂಟಿಸಿ. ಸ್ಟಿಕ್ಕರಿನ ಹೆಸರೂ ಪಟ್ಟಿಯ ಹೆಸರೂ ಅಕ್ಷರಶಃ ಒಂದೇ ಇರಬೇಕು.

## ಹಂತ 4: ಪಟ್ಟಿಯನ್ನು ಬರೆಯುವುದು

ಯೋಜನೆಯ ಮೂಲದಲ್ಲಿರುವ ಪ್ಲಾಟ್‌ಫಾರ್ಮ್‌ಐಒ.ಐಎನ್‌ಐ ಕಡತ ತೆರೆಯಿರಿ. ಇದರಲ್ಲಿ ಚೌಕ ಕಂಸದೊಳಗೆ ಎನ್ವ್, ಕೋಲನ್ ಚಿಹ್ನೆ (:), ಆಮೇಲೆ ನೀವಿಟ್ಟ ಹೆಸರು ಹೀಗೆ ತೊಡಗುವ ಪ್ರತಿಯೊಂದು ವಿಭಾಗವೂ ಪಟ್ಟಿಯಲ್ಲಿ ಒಂದು ಆಯ್ಕೆಯಾಗುತ್ತದೆ. ವಿಎಸ್ ಕೋಡಿನ ಕೆಳಪಟ್ಟಿಯಲ್ಲಿ ಕಾಣುವುದು ಇವೇ ಹೆಸರುಗಳು.

ಮೊದಲು ಎಲ್ಲ ಬೋರ್ಡುಗಳಿಗೂ ಸಮಾನವಾದ ಸಾಲುಗಳನ್ನು, ಅಂದರೆ ಫ್ರೇಮ್‌ವರ್ಕ್, ಮಾನಿಟರ್ ವೇಗ, ಲೈಬ್ರರಿಗಳನ್ನು, ಕಾಮನ್ ಎಂಬ ಬೇರೆ ವಿಭಾಗಕ್ಕೆ ಹಾಕಿ. ಆಮೇಲೆ ಪ್ರತಿ ಬೋರ್ಡಿನ ವಿಭಾಗದಲ್ಲಿ ಎಕ್ಸ್‌ಟೆಂಡ್ಸ್ ಎಂಬ ಕೀಲಿಪದದಿಂದ ಅದನ್ನು ಕರೆಸಿಕೊಳ್ಳಿ. ಬೋರ್ಡಿಗೇ ಸೇರಿದ್ದನ್ನು ಆ ಬೋರ್ಡಿನ ವಿಭಾಗದಲ್ಲಷ್ಟೇ ಬರೆಯಿರಿ. ಹೆಸರಿಲ್ಲದ ಬರಿಯ ಎನ್ವ್ ವಿಭಾಗ ಎಲ್ಲ ಬೋರ್ಡುಗಳಿಗೂ ತಾನಾಗಿ ಅನ್ವಯಿಸುತ್ತದೆ, ಅಲ್ಲಿ ಒಂದು ಬೋರ್ಡಿನ ಫ್ಲ್ಯಾಗ್ ಸೇರಿಕೊಂಡರೆ ಹುಡುಕುವುದು ಕಷ್ಟ.

ಇಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬೀಳುವ ಗುಂಡಿ ಒಂದಿದೆ. ಕಾಮನ್ ವಿಭಾಗದಲ್ಲಿ ಬಿಲ್ಡ್_ಫ್ಲ್ಯಾಗ್ಸ್ ಇದ್ದು, ಬೋರ್ಡಿನ ವಿಭಾಗದಲ್ಲೂ ಬಿಲ್ಡ್_ಫ್ಲ್ಯಾಗ್ಸ್ ಬರೆದರೆ ಎರಡೂ ಕೂಡುವುದಿಲ್ಲ. ಎರಡನೆಯದು ಮೊದಲನೆಯದನ್ನು ಪೂರ್ತಿ ಅಳಿಸಿ ಕೂರುತ್ತದೆ. ಎರಡೂ ಬೇಕಿದ್ದರೆ ಬೋರ್ಡಿನ ಸಾಲಿನೊಳಗೆ ಡಾಲರ್ ಚಿಹ್ನೆ ಮತ್ತು ಹೂಕಂಸಗಳ ನಡುವೆ ಕಾಮನ್.ಬಿಲ್ಡ್_ಫ್ಲ್ಯಾಗ್ಸ್ ಎಂದು ಬರೆದು ಹಳೆಯದನ್ನು ಕರೆಯಬೇಕು. ಇದನ್ನು ಮರೆತರೆ ದೋಷದ ಸಂದೇಶವೇನೂ ಬರುವುದಿಲ್ಲ, ಫ್ಲ್ಯಾಗುಗಳು ಸದ್ದಿಲ್ಲದೆ ಮಾಯವಾಗುತ್ತವೆ.

ಎಸ್3-ಎನ್16ಆರ್8 ವಿಭಾಗವನ್ನು ಪೂರ್ತಿಯಾಗಿ ಹೇಳುತ್ತೇನೆ, ಏಕೆಂದರೆ ಸಿದ್ಧ ಆಯ್ಕೆ ಇದಕ್ಕೆ ಸರಿಹೊಂದುವುದಿಲ್ಲ. ಬೋರ್ಡ್ ಎಂದು ಇಎಸ್‌ಪಿ32-ಎಸ್3-ಡೆವ್‌ಕಿಟ್‌ಸಿ-1 ಕೊಟ್ಟರೆ ಪ್ಲಾಟ್‌ಫಾರ್ಮ್‌ಐಒ 8 ಮೆಗಾಬೈಟ್ ಫ್ಲ್ಯಾಶ್ ಇದೆ, ಪಿಎಸ್‌ರ‍್ಯಾಮ್ ಇಲ್ಲ ಎಂದು ಭಾವಿಸುತ್ತದೆ. ಆದ್ದರಿಂದ ಬೋರ್ಡ್_ಅಪ್‌ಲೋಡ್.ಫ್ಲ್ಯಾಶ್_ಸೈಜ್ ಸಾಲಿನಲ್ಲಿ 16ಎಂಬಿ, ಬೋರ್ಡ್_ಬಿಲ್ಡ್.ಪಾರ್ಟಿಶನ್ಸ್ ಸಾಲಿನಲ್ಲಿ ಡಿಫಾಲ್ಟ್_16ಎಂಬಿ.ಸಿಎಸ್‌ವಿ, ಬೋರ್ಡ್_ಬಿಲ್ಡ್.ಆರ್ಡುಯಿನೋ.ಮೆಮೊರಿ_ಟೈಪ್ ಸಾಲಿನಲ್ಲಿ ಕ್ಯುಐಒ_ಒಪಿಐ ಎಂದು ಬರೆದು, ಬಿಲ್ಡ್_ಫ್ಲ್ಯಾಗ್ಸ್‌ನಲ್ಲಿ ಬೋರ್ಡ್_ಹ್ಯಾಸ್_ಪಿಎಸ್‌ರ‍್ಯಾಮ್ ಎಂಬ ಮ್ಯಾಕ್ರೋವನ್ನು ದೊಡ್ಡ ಅಕ್ಷರಗಳಲ್ಲಿ ಸೇರಿಸಬೇಕು. ಮೆಮೊರಿ ಬಗೆಯಲ್ಲಿ ಮೊದಲ ಭಾಗ ಫ್ಲ್ಯಾಶಿನದು, ಎರಡನೆಯ ಭಾಗ ಪಿಎಸ್‌ರ‍್ಯಾಮಿನದು. ಕ್ಯುಐಒ_ಕ್ಯುಎಸ್‌ಪಿಐ ಎಂದು ಬಿಟ್ಟರೆ ಆರ್8 ಮಾಡ್ಯೂಲಿನಲ್ಲಿ ಪಿಎಸ್‌ರ‍್ಯಾಮ್ ಪತ್ತೆಯಾಗುವುದಿಲ್ಲ.

ಪ್ಲಾಟ್‌ಫಾರ್ಮ್ ಸಾಲಿನಲ್ಲಿ ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆಯನ್ನೂ ಬರೆಯಿರಿ. ಬರೆಯದಿದ್ದರೆ ನಿಮ್ಮ ಗಣಕದಲ್ಲಿ ಒಂದು ಆವೃತ್ತಿ, ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಇಳಿದು, ಒಂದೇ ಆಯ್ಕೆ ಎರಡು ಕಡೆ ಎರಡು ರೀತಿ ನಡೆಯುತ್ತದೆ.

## ಹಂತ 5: ನಿಮ್ಮದೇ ಬೋರ್ಡ್ ವಿವರಣೆ ಯಾವಾಗ ಬೇಕು

ಮೇಲಿನ ನಾಲ್ಕೈದು ಸಾಲುಗಳನ್ನು ಎರಡನೆಯ ಯೋಜನೆಗೂ ನಕಲು ಮಾಡುತ್ತಿದ್ದೀರಿ ಎಂದಾದರೆ ಆಗ ಬೋರ್ಡಿನ ವಿವರವಿರುವ ಜೇಸನ್ ಕಡತ ಮಾಡುವ ಹೊತ್ತು ಬಂದಿದೆ. ಒಂದೇ ಯೋಜನೆಗಾದರೆ ಬೇಡ.

ಯೋಜನೆಯೊಳಗೆ ಬೋರ್ಡ್ಸ್ ಎಂಬ ಫೋಲ್ಡರ್ ಮಾಡಿ. ನಿಮ್ಮ ಹೋಮ್ ಫೋಲ್ಡರಿನಲ್ಲಿರುವ .ಪ್ಲಾಟ್‌ಫಾರ್ಮ್‌ಐಒ (ಮೊದಲಲ್ಲಿ ಚುಕ್ಕೆ) ಫೋಲ್ಡರಿನೊಳಗೆ ಪ್ಲಾಟ್‌ಫಾರ್ಮ್ಸ್, ಅದರೊಳಗೆ ಆಯಾ ಪ್ಲಾಟ್‌ಫಾರ್ಮಿನ ಹೆಸರು, ಅದರೊಳಗೆ ಬೋರ್ಡ್ಸ್ ಎಂದಿರುತ್ತದೆ. ಅಲ್ಲಿಂದ ಅತಿ ಹತ್ತಿರದ ಬೋರ್ಡಿನ ಕಡತವನ್ನು ನಕಲು ಮಾಡಿ ತಂದು ತಿದ್ದಿ. ಕಡತದ ಹೆಸರೇ ಬೋರ್ಡಿನ ಗುರುತಾಗುತ್ತದೆ. ಮೂಲ ಹೆಸರನ್ನೇ ಉಳಿಸಿಕೊಳ್ಳಬೇಡಿ. ಒಂದೇ ಹೆಸರಿಗೆ ಎರಡು ಅರ್ಥವಾದರೆ ಮೂರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ. ನೇಮ್, ಯುಆರ್‌ಎಲ್, ವೆಂಡರ್ ಎಂಬ ಮೂರು ಸಾಲುಗಳು ಇರಲೇಬೇಕು, ಒಂದು ಬಿಟ್ಟರೂ ಪ್ಲಾಟ್‌ಫಾರ್ಮ್‌ಐಒ ಕಡತವನ್ನು ತಿರಸ್ಕರಿಸುತ್ತದೆ. ಕೊನೆಯ ಸಾಲಿನ ನಂತರ ಅಲ್ಪವಿರಾಮ ಉಳಿದರೂ, ನಡುವೆ ಟಿಪ್ಪಣಿ ಬರೆದರೂ ಜೇಸನ್ ಮುರಿಯುತ್ತದೆ.

ಗಾತ್ರದ ಅಂಕಿಗಳ ಬಗ್ಗೆ ಒಂದು ಮಾತು. ಎವಿಆರ್ ಬೋರ್ಡುಗಳಲ್ಲಿ ಗರಿಷ್ಠ ಗಾತ್ರವೆಂದರೆ ಚಿಪ್ಪಿನ ಫ್ಲ್ಯಾಶಿನಿಂದ ಬೂಟ್‌ಲೋಡರ್ ಕಳೆದು ಉಳಿದದ್ದು: ಒಟ್ಟು 32768 ಬೈಟಿನಲ್ಲಿ ಊನೋಗೆ 32256, ಹಳೆಯ ಬೂಟ್‌ಲೋಡರಿನ ನ್ಯಾನೋಗೆ 30720. ಇಎಸ್‌ಪಿ32ರಲ್ಲಿ ಲೆಕ್ಕ ಬೇರೆ. ಅಲ್ಲಿ ಮಿತಿಯನ್ನು ನಿರ್ಧರಿಸುವುದು ಪಾರ್ಟಿಶನ್ ಕೋಷ್ಟಕ. 4 ಮೆಗಾಬೈಟಿನ ಬೋರ್ಡಿನಲ್ಲಿ ಬಿಲ್ಡ್ ಮುಗಿದಾಗ ಗರಿಷ್ಠ 1310720 ಬೈಟ್ ಎಂದು ಕಂಡು ಬೋರ್ಡ್ ತಪ್ಪಾಗಿದೆ ಎಂದು ಗಾಬರಿಯಾಗಬೇಡಿ. ದೂರದಿಂದಲೇ ನವೀಕರಿಸಲು ಅನುಕೂಲವಾಗಲೆಂದು ಕಾರ್ಯಕ್ರಮಕ್ಕೆ ಎರಡು ಸಮಾನ ಭಾಗಗಳನ್ನು ಮೀಸಲಿಟ್ಟು, ಉಳಿದದ್ದನ್ನು ಕಡತಗಳಿಗೆ ಬಿಟ್ಟಿದ್ದಾರೆ. ಆ ಒಂದು ಭಾಗದ ಗಾತ್ರವೇ ಈ ಅಂಕಿ.

## ಹಂತ 6: ಆಯ್ಕೆ ಮಾಡದಿದ್ದರೆ ಏನಾಗಬೇಕು ಎಂದು ತೀರ್ಮಾನಿಸಿ

ಡಿಫಾಲ್ಟ್_ಎನ್ವ್ಸ್ ಎಂಬ ಸಾಲಿಲ್ಲದೆ, ಬೋರ್ಡನ್ನೂ ಹೇಳದೆ, ಪಿಐಒ ರನ್ ಕೊಟ್ಟರೆ ಎಲ್ಲ ವಿಭಾಗಗಳೂ ಒಂದರ ನಂತರ ಒಂದು ಬಿಲ್ಡ್ ಆಗುತ್ತವೆ. ಅದರ ಜೊತೆ ಅಪ್‌ಲೋಡ್ ಕೂಡ ಕೇಳಿದ್ದರೆ ಪ್ರತಿಯೊಂದನ್ನೂ ಅದೇ ಬೋರ್ಡಿಗೆ ಹಾಕಲು ಪ್ರಯತ್ನಿಸುತ್ತದೆ. ಎರಡು ಪ್ರೋ ಮಿನಿ ವಿಭಾಗಗಳಿದ್ದರೆ ಎರಡೂ ಯಶಸ್ವಿಯಾಗಿ, ಕೊನೆಯದು ಉಳಿದುಬಿಡುತ್ತದೆ. ಇದನ್ನು ತಪ್ಪಿಸಲೆಂದು ಹೆಚ್ಚು ಬಳಕೆಯ ಬೋರ್ಡನ್ನು ಪೂರ್ವನಿಶ್ಚಿತ ಆಯ್ಕೆಯಾಗಿ ಇಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಮರೆತವನಿಗೆ ಮರೆತದ್ದು ಗೊತ್ತಾಗುವುದಿಲ್ಲ.

ನಾನು ಮಾಡುವುದು ಹೀಗೆ. ಆರಿಸಿ ಎಂಬರ್ಥದ ಹೆಸರಿನ ಒಂದು ವಿಭಾಗ ಸೇರಿಸಿ, ಅದರ ಪ್ಲಾಟ್‌ಫಾರ್ಮ್ ನೇಟಿವ್ ಎಂದಿಟ್ಟು, ಎಕ್ಸ್‌ಟ್ರಾ_ಸ್ಕ್ರಿಪ್ಟ್ಸ್ ಸಾಲಿನಲ್ಲಿ ಬಿಲ್ಡಿಗೆ ಮುಂಚೆ ಓಡುವ ಒಂದು ಪೈಥಾನ್ ಸ್ಕ್ರಿಪ್ಟನ್ನು ಹೆಸರಿಸಿ. ಆ ಸ್ಕ್ರಿಪ್ಟ್ ಯೋಜನೆಯ ಎಲ್ಲ ವಿಭಾಗಗಳ ಹೆಸರುಗಳನ್ನು ಪರದೆಯ ಮೇಲೆ ಬರೆದು, ಎನ್ವ್.ಎಕ್ಸಿಟ್ ಕರೆಗೆ 1 ಕೊಟ್ಟು ನಿಲ್ಲುತ್ತದೆ. ಡಿಫಾಲ್ಟ್_ಎನ್ವ್ಸ್‌ನಲ್ಲಿ ಈ ಒಂದು ವಿಭಾಗವನ್ನು ಮಾತ್ರ ಇಡಿ. ಹೀಗೆ ಮಾಡಿದ ಮೇಲೆ ಬೋರ್ಡ್ ಆರಿಸದೆ ಗುಂಡಿ ಒತ್ತಿದವರಿಗೆ ಬಿಲ್ಡ್ ಸಿಗುವುದಿಲ್ಲ, ಪಟ್ಟಿ ಸಿಗುತ್ತದೆ. ಪ್ರತಿ ವಿಭಾಗಕ್ಕೂ ಕಸ್ಟಮ್_ ಎಂದು ಆರಂಭವಾಗುವ ನಿಮ್ಮದೇ ಒಂದು ಸಾಲಿನಲ್ಲಿ ಗುರುತಿನ ಮಾತು ಬರೆದಿಟ್ಟರೆ ಸ್ಕ್ರಿಪ್ಟ್ ಅದನ್ನೂ ತೋರಿಸಬಹುದು. ಈ ಮಾತುಗಳನ್ನು ರೋಮನ್ ಲಿಪಿಯಲ್ಲಿಡುವುದೇ ಕ್ಷೇಮ. ವಿಂಡೋಸಿನ ಕಪ್ಪು ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಚೆದುರುತ್ತವೆ, ಕೆಲವೊಮ್ಮೆ ಸ್ಕ್ರಿಪ್ಟೇ ಮುಗ್ಗರಿಸುತ್ತದೆ.

## ಹಂತ 7: ಕೋಡಿನೊಳಗೆ ಕಾವಲು

ಪ್ರತಿ ವಿಭಾಗದ ಬಿಲ್ಡ್_ಫ್ಲ್ಯಾಗ್ಸ್‌ನಲ್ಲಿ ಆ ಬೋರ್ಡಿಗೇ ಮೀಸಲಾದ ಒಂದು ಮ್ಯಾಕ್ರೋ ಇರಲಿ. ಪಿನ್ನುಗಳ ಹೆಸರಿರುವ ಹೆಡರ್ ಕಡತದಲ್ಲಿ ಪ್ರತಿ ಮ್ಯಾಕ್ರೋಗೂ ಒಂದು ಭಾಗ ಬರೆದು, ಯಾವುದೂ ಹೊಂದದಿದ್ದರೆ ಎರರ್ ಸೂಚನೆಯಿಂದ ಕಂಪೈಲ್ ನಿಲ್ಲಿಸಿ. ಯಾವುದಾದರೂ ಒಂದು ಬೋರ್ಡಿನ ಪಿನ್ನುಗಳು ತಾನಾಗಿ ಬರಲಿ ಎಂದು ಎಲ್ಸ್ ಭಾಗ ಬರೆಯುವುದು ದೊಡ್ಡ ತಪ್ಪು.

ಇಷ್ಟರಿಂದ ಆಯ್ಕೆಗೂ ಕೋಡಿಗೂ ತಾಳೆಯಾಯಿತೇ ಹೊರತು ಆಯ್ಕೆಗೂ ಬೋರ್ಡಿಗೂ ಅಲ್ಲ. ಅದನ್ನು ಬೋರ್ಡ್ ಓಡಲು ತೊಡಗಿದ ಮೇಲೆಯೇ ನೋಡಬೇಕು. ಎಸ್3ರಲ್ಲಿ ಸೆಟಪ್‌ನ ಮೊದಲಲ್ಲೇ ಚಿಪ್ ಮಾದರಿ ಮತ್ತು ಪಿಎಸ್‌ರ‍್ಯಾಮ್ ಗಾತ್ರವನ್ನು ಓದಿ, ನಿರೀಕ್ಷೆಗೆ ಹೊಂದದಿದ್ದರೆ ರಿಲೇಗಳನ್ನು ಮುಟ್ಟದೆ ಎಲ್‌ಇಡಿ ಮಿನುಗಿಸುತ್ತ ನಿಲ್ಲುವಂತೆ ಮಾಡಿ.

ಪ್ರೋ ಮಿನಿಯ ಸಮಸ್ಯೆಗೂ ಉಪಾಯವಿದೆ. ಎಟಿಮೆಗಾ328ಪಿಯ ವಾಚ್‌ಡಾಗಿಗೆ (ಕಾರ್ಯಕ್ರಮ ಸಿಕ್ಕಿಬಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಮುಖ್ಯ ಗಡಿಯಾರಕ್ಕೆ ಸಂಬಂಧವಿಲ್ಲದ, ಸುಮಾರು 128 ಕಿಲೋಹರ್ಟ್ಸಿನ ಸ್ವಂತ ಆಂದೋಲಕವಿದೆ. ಅದನ್ನು ಒಂದು ಸೆಕೆಂಡಿಗೆ ಇಂಟರಪ್ಟ್ ಬರುವಂತೆ ಇಟ್ಟು, ಆ ಅವಧಿಯಲ್ಲಿ ಮಿಲ್ಲಿಸ್ (ಮಿಲಿಸೆಕೆಂಡುಗಳ ಎಣಿಕೆ) ಎಷ್ಟು ಏರಿತು ನೋಡಿ. ಸಾವಿರದ ಆಸುಪಾಸಿನಲ್ಲಿದ್ದರೆ ಸರಿ. ವಾಚ್‌ಡಾಗಿನ ಆಂದೋಲಕ ಅಷ್ಟು ನಿಖರವಲ್ಲ, ಶೇಕಡಾ ಹತ್ತರಷ್ಟು ಹೆಚ್ಚುಕಡಿಮೆ ಸಾಮಾನ್ಯ. ಐನೂರರ ಹತ್ತಿರ ಬಂದರೆ 16 ಮೆಗಾಹರ್ಟ್ಸಿನ ಬಿಲ್ಡ್ 8 ಮೆಗಾಹರ್ಟ್ಸಿನ ಬೋರ್ಡಿನ ಮೇಲೆ ಕೂತಿದೆ. ಎಚ್ಚರಿಕೆ: ವಾಚ್‌ಡಾಗನ್ನು ಇಂಟರಪ್ಟ್ ವಿಧಾನದಲ್ಲಿ ಮಾತ್ರ ಬಳಸಿ, ರೀಸೆಟ್ ವಿಧಾನದಲ್ಲಿ ಬೇಡ. ಹಳೆಯ ಬೂಟ್‌ಲೋಡರ್ ವಾಚ್‌ಡಾಗ್ ರೀಸೆಟ್ಟಿನ ನಂತರ ಮತ್ತೆ ಮತ್ತೆ ರೀಸೆಟ್ ಆಗುತ್ತ ಸಿಕ್ಕಿಬೀಳುತ್ತದೆ. ಕೋಲಾರದ ಆ ಫೋನಿನ ನಂತರ ನನ್ನ ಎಲ್ಲ ಪಂಪ್ ನಿಯಂತ್ರಕಗಳಲ್ಲೂ ಈ ಪರೀಕ್ಷೆ ಮುಗಿದ ಮೇಲಷ್ಟೇ ರಿಲೇ ಎಳೆಯುತ್ತದೆ.

## ಹಂತ 8: ಬೇಕೆಂದೇ ತಪ್ಪಾಗಿ ಆರಿಸಿ ನೋಡಿ

ಮೋಟರ್, ಹೀಟರ್ ಮುಂತಾದ ಯಾವುದನ್ನೂ ಜೋಡಿಸದೆ, ಪ್ರತಿ ಬೋರ್ಡಿಗೂ ಪಟ್ಟಿಯ ಪ್ರತಿ ಆಯ್ಕೆಯನ್ನೂ ಒಮ್ಮೆ ಹಾಕಿ, ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಕಂಪೈಲಿನಲ್ಲಿ ನಿಂತರೆ ಉತ್ತಮ, ಅಪ್‌ಲೋಡಿನಲ್ಲಿ ನಿಂತರೆ ಪರವಾಗಿಲ್ಲ, ಓಡಿದ ಮೇಲೆ ಕಾವಲು ಹಿಡಿದರೆ ನಡೆಯುತ್ತದೆ. ಎಲ್ಲೂ ನಿಲ್ಲದೆ ಓಡಿದ ಜೋಡಿ ಕಂಡರೆ ಹಂತ 7ಕ್ಕೆ ಮರಳಿ.

## ಎಚ್ಚರಿಕೆಯ ಲಕ್ಷಣಗಳು

ಪತ್ತೆಯಾದ ಗಾತ್ರ ಬೈನರಿಯ ಹೆಡರಿನಲ್ಲಿರುವ ಗಾತ್ರಕ್ಕಿಂತ ಕಡಿಮೆ ಎಂದು ಹೇಳಿ ಬೋರ್ಡ್ ಪದೇಪದೇ ರೀಬೂಟ್ ಆಗುತ್ತಿದ್ದರೆ, 4 ಮೆಗಾಬೈಟಿನ ಬೋರ್ಡಿಗೆ 8 ಅಥವಾ 16ರ ಆಯ್ಕೆ ಹಾಕಿದ್ದೀರಿ. ಗಾತ್ರ ಹೆಚ್ಚಾಗಿದೆ ಎಂಬ ಸಂದೇಶ ಬಂದು ಬೋರ್ಡ್ ಓಡುತ್ತಿದ್ದರೆ ಅಪಾಯವಿಲ್ಲ, ಜಾಗ ವ್ಯರ್ಥವಾಗುತ್ತಿದೆ ಅಷ್ಟೇ.

ಇದು ಇಎಸ್‌ಪಿ32 ಅಲ್ಲ, ಇಎಸ್‌ಪಿ32-ಎಸ್3 ಎಂದು ಇಎಸ್‌ಪಿಟೂಲ್ ಹೇಳಿದರೆ ಅದರ ಮಾತು ಕೇಳಿ. ಎರಡರಲ್ಲೂ ಬೂಟ್‌ಲೋಡರ್ ಕೂರುವ ಜಾಗವೇ ಬೇರೆ. ಬಲವಂತದ ಫ್ಲ್ಯಾಗುಗಳಿಂದ ಬಾಯಿ ಮುಚ್ಚಿಸಬೇಡಿ. ಎವಿಆರ್ ಬೋರ್ಡುಗಳಿಗೆ ಅಪ್‌ಲೋಡ್ ಮಾಡುವ ಎವಿಆರ್‌ಡ್ಯೂಡ್, ಸಿಗ್ನೇಚರ್ ಹೊಂದುತ್ತಿಲ್ಲ ಎಂದಾಗಲೂ ಹೀಗೆಯೇ.

ಎಸ್3 ಬೋರ್ಡಿಗೆ ಅಪ್‌ಲೋಡ್ ಆಗಿ ಸೀರಿಯಲ್ ಮಾನಿಟರ್ ಖಾಲಿಯಿದ್ದರೆ ಕೇಬಲ್ ಯಾವ ಯುಎಸ್‌ಬಿ ಕಿಂಡಿಯಲ್ಲಿದೆ ನೋಡಿ. ಚಿಪ್ಪಿನದೇ ಯುಎಸ್‌ಬಿ ಇರುವ ಕಿಂಡಿಯಲ್ಲಿದ್ದರೆ ಆರ್ಡುಯಿನೋ_ಯುಎಸ್‌ಬಿ_ಸಿಡಿಸಿ_ಆನ್_ಬೂಟ್ ಎಂಬ ಮ್ಯಾಕ್ರೋ 1 ಆಗಿರಬೇಕು.

ಸೀರಿಯಲ್ಲಿನಲ್ಲಿ 9600ಕ್ಕೆ ಕಸ ಬಂದು 4800ಕ್ಕೆ ಸರಿಯಾಗಿ ಓದಲು ಬಂದರೆ ಅದು ಮತ್ತೆ ಪ್ರೋ ಮಿನಿಯ ಗಡಿಯಾರದ ತಪ್ಪೇ.

ಇನ್ನೊಂದು ಲಕ್ಷಣ ಬೋರ್ಡಿನ ತಪ್ಪೆಂದು ಹೊಳೆಯುವುದೇ ಇಲ್ಲ. ಸಾಕಣೆ ಮನೆಯ ಮಾಪಕ ಮಾಡುತ್ತಿದ್ದ ಒಬ್ಬರು ತೇವಾಂಶದ ಸೆನ್ಸರ್ ಕೆಟ್ಟಿದೆ ಎಂದು ಒಂದರ ಹಿಂದೆ ಒಂದು ಮೂರು ಬದಲಾಯಿಸಿದ್ದರು. ಚಾಕಿ (ಎಳೆಯ ರೇಷ್ಮೆ) ಹುಳುವಿಗೆ ಶೇಕಡಾ 85ರಿಂದ 90ರ ತೇವಾಂಶ ಬೇಕು, ಪರದೆಯ ಮೇಲೆ ಅಂಕಿಯೇ ಇಲ್ಲ. ಸೆನ್ಸರಿನ ತಂತಿ 35ನೆಯ ಪಿನ್ನಿನಲ್ಲಿತ್ತು, ಮಾಡ್ಯೂಲ್ ಆರ್8 ಆಗಿತ್ತು. ಆಕ್ಟಲ್ ಪಿಎಸ್‌ರ‍್ಯಾಮ್ ಇರುವ ಎಸ್3 ಮಾಡ್ಯೂಲುಗಳಲ್ಲಿ 35, 36, 37ನೆಯ ಪಿನ್ನುಗಳು ಪಿಎಸ್‌ರ‍್ಯಾಮಿಗೇ ಮೀಸಲು. ಹಿಂದಿನ ಎನ್8 ಬೋರ್ಡಿನಲ್ಲಿ ಅದೇ ಪಿನ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಹಂತ 7ರ ಹೆಡರಿನಲ್ಲಿ ಪ್ರತಿ ಬೋರ್ಡಿಗೂ ಪಿನ್ನುಗಳನ್ನು ಬೇರೆಯಾಗಿ ಬರೆಯಿರಿ ಎಂದದ್ದು ಇದಕ್ಕೇ.

## ಬೋರ್ಡ್ ಆಯ್ಕೆಯ ತಪ್ಪಲ್ಲದವು

ಪಟ್ಟಿಯಲ್ಲಿ ಪೋರ್ಟೇ ಕಾಣದಿದ್ದರೆ ಮೊದಲು ಕೇಬಲ್ ಬದಲಾಯಿಸಿ. ಚಾರ್ಜ್ ಮಾತ್ರ ಮಾಡುವ ಕೇಬಲ್ಲುಗಳು ಪ್ರತಿ ಮನೆಯಲ್ಲೂ ಇವೆ. ಲಿನಕ್ಸಿನಲ್ಲಿ ಪೋರ್ಟ್ ಕಂಡೂ ಅನುಮತಿ ಇಲ್ಲವೆಂದರೆ ನಿಮ್ಮ ಬಳಕೆದಾರ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಬ್ರೌನ್‌ಔಟ್ ಎಂಬ ಸಂದೇಶ ಬಂದರೆ ಅದು ವಿದ್ಯುತ್ತಿನ ಕೊರತೆ. ಎರಡು ಬೋರ್ಡ್ ಒಟ್ಟಿಗೆ ಜೋಡಿಸಿದ್ದರೆ ಪ್ಲಾಟ್‌ಫಾರ್ಮ್‌ಐಒ ತನಗೆ ತೋಚಿದ ಪೋರ್ಟನ್ನು ಹಿಡಿಯಬಹುದು, ಅಪ್‌ಲೋಡ್_ಪೋರ್ಟ್ ಸಾಲಿನಲ್ಲಿ ಪೋರ್ಟನ್ನು ನೀವೇ ಹೇಳಿ.

## ಹೊಸ ಲಾಟ್ ಬಂದಾಗ

ಡಬ್ಬಿ ಒಡೆದ ದಿನವೇ ಒಂದು ಬೋರ್ಡನ್ನು ಹಂತ 1 ಮತ್ತು 2ಕ್ಕೆ ಒಳಪಡಿಸಿ. ಕೋಷ್ಟಕದ ಯಾವುದಾದರೂ ಸಾಲಿಗೆ ಪೂರ್ತಿ ಹೊಂದಿದರೆ ಅದೇ ಹೆಸರಿನ ಸ್ಟಿಕ್ಕರ್ ಹಾಕಿ. ಒಂದು ಅಂಕಿ ಬದಲಾಗಿದ್ದರೂ ಹೊಸ ಹೆಸರು, ಹೊಸ ವಿಭಾಗ ಮಾಡಿ; ಹಳೆಯ ವಿಭಾಗವನ್ನೇ ತಿದ್ದಿ ಹೊಂದಿಸಬೇಡಿ, ಅಳಿಸಲೂ ಬೇಡಿ. ಆ ಬೋರ್ಡುಗಳು ಈಗಲೂ ಯಾವುದೋ ಪಂಪ್‌ಹೌಸಿನ ಗೋಡೆಯ ಮೇಲೆ ಓಡುತ್ತಿರುತ್ತವೆ, ಅವು ರಿಪೇರಿಗೆ ಬಂದ ದಿನ ಹಿಂಬದಿಯ ಸ್ಟಿಕ್ಕರಿನಲ್ಲಿರುವ ಹೆಸರು ಪಟ್ಟಿಯಲ್ಲಿ ಇರಬೇಕು.